ನೀಲಿಗೈಗಳ ಲೆಕ್ಕಪತ್ರ

ನೈಜೀರಿಯಾದ ಅಬೆಯೊಕುಟಾ ನಗರದ ಯೊರುಬಾ ಸ್ತ್ರೀಯರು ಬಣ್ಣಗಟ್ಟುವ ‘ಅದಿರೆ’ ಬಟ್ಟೆಯನ್ನು ಕುರಿತ ಬರಹಗಳು ಬಹುಮಟ್ಟಿಗೆ ವಿನ್ಯಾಸದ ಸೊಬಗಿನಲ್ಲಿಯೇ ತಂಗಿಬಿಡುತ್ತವೆ. ಜುಡಿತ್ ಬೈಫೀಲ್ಡ್ ಅವರ ‘ದಿ ಬ್ಲೂಯೆಸ್ಟ್ ಹ್ಯಾಂಡ್ಸ್’ (2002) ಆ ದಾರಿಯನ್ನು ಬಿಟ್ಟು, 1890ರಿಂದ 1940ರವರೆಗಿನ ಬಣ್ಣಗಾರ್ತಿಯರ ಸಾಲ, ದುಡಿಮೆ, ಮಾರುಕಟ್ಟೆಗಳ ಜಾಡು ಹಿಡಿಯುತ್ತದೆ.

ಅದಿರೆ ಎಂದರೆ ಕಟ್ಟಿ ಅದ್ದಿದ್ದು. ರಾಫಿಯಾ ನಾರಿನಿಂದ ಬಿಗಿದು ಅದ್ದಿದರೆ ‘ಒನಿಕೊ’. ಮರಗೆಣಸಿನ ಗಂಜಿಯಲ್ಲಿ ಕೋಳಿಗರಿಯಿಂದ ಚಿತ್ತಾರ ಬರೆದು ಅದ್ದಿದರೆ ‘ಎಲೆಕೊ’. ನೀಲಿ ಊರ ಎಲೆಯದು, ಕ್ಷಾರ ಊರ ಬೂದಿಯದು. ಬಟ್ಟೆ ಮಾತ್ರ ಬಹುಪಾಲು ಇಂಗ್ಲೆಂಡಿನ ಗಿರಣಿಯದು. ಐರೋಪ್ಯ ವ್ಯಾಪಾರ ಸಂಸ್ಥೆಗಳಿಂದ ಅದನ್ನು ಸಾಲವಾಗಿ ತಂದು, ಬಣ್ಣಗಟ್ಟಿ, ಪಶ್ಚಿಮ ಆಫ್ರಿಕದ ಬೇರೆಡೆಯಿಂದ ಬಂದ ವರ್ತಕರಿಗೂ ಮಾರಿ, ಸಾಲ ತೀರಿಸಿ ಉಳಿದದ್ದು ಸ್ತ್ರೀಯ ಸ್ವಂತ ಗಳಿಕೆ. ನೀಲಿಯೆಂದೊಡನೆ ಚಂಪಾರಣದ ರೈತನನ್ನು ನೆನೆಯುವ ಭಾರತೀಯ ಓದುಗರಿಗೆ ಇದು ಬೇರೆಯೇ ಕಥೆ. ಇಲ್ಲಿ ಬಣ್ಣದ ಮಡಕೆಯ ಒಡತನವೂ ಬಣ್ಣಗಾರ್ತಿಯದೇ.

ಗ್ರಂಥದ ಸತ್ವವೆಲ್ಲ 1930ರ ದಶಕದ ವಿವಾದದ ನಿರೂಪಣೆಯಲ್ಲಿದೆ. ಆರ್ಥಿಕ ಕುಸಿತದಲ್ಲಿ ಬೆಲೆಯಿಳಿದಾಗ ಬಣ್ಣಗಾರ್ತಿಯರು ಕಾಸ್ಟಿಕ್ ಸೋಡ ಮತ್ತು ಕೃತಕ ನೀಲಿಯ ಮೊರೆಹೊಕ್ಕರು. ಕೆಲಸ ಬೇಗ ಮುಗಿಯಿತು, ಖರ್ಚು ತಗ್ಗಿತು. ಬಟ್ಟೆ ಕೆಡುತ್ತದೆಂದು ಅರಸ, ಅಂದರೆ ಆಲಾಕೆ, ಅವುಗಳನ್ನು ನಿಷೇಧಿಸಿದ. ಸ್ತ್ರೀಯರು ಮಣಿಯಲಿಲ್ಲ; 1936ರಲ್ಲಿ ವಿಚಾರಣಾ ಆಯೋಗವೇ ಕೂರಬೇಕಾಯಿತು. ದೂರು ಪೂರ್ತಿ ಸುಳ್ಳಾಗಿರಲಿಲ್ಲ, ಸೋಡ ಹೆಚ್ಚಾದರೆ ನೂಲು ಸುಡುವುದು ನಿಜ. ಆದರೆ ಗಿರಣಿಯ ಬಟ್ಟೆಯಲ್ಲಿ ಕಾಣದ ಪರಕೀಯತೆ, ಸ್ತ್ರೀಯರ ಶ್ರಮವನ್ನು ಇಳಿಸಿದ ವಸ್ತುವಿನಲ್ಲಿ ಮಾತ್ರ ಏಕೆ ಕಂಡಿತು? ಗಡಿನಾಡಿನ ಕನ್ನಡದ ಶುದ್ಧಾಶುದ್ಧಗಳ ವಾದವನ್ನು ಕೇಳಿದವರಿಗೆ ಈ ಧಾಟಿ ಅಪರಿಚಿತವಲ್ಲ. ಸಾಂಪ್ರದಾಯಿಕ ಕಲೆಯ ಮೂಲಕ ಸ್ತ್ರೀಯರ ‘ಸಬಲೀಕರಣ’ವನ್ನು ಯೋಜಿಸುವವರು ಓದಬೇಕಾದ ಭಾಗವಿದು. ಯಾವುದು ಸಂಪ್ರದಾಯವೆಂದು ತೀರ್ಮಾನಿಸುವ ಅಧಿಕಾರ ಯಾರದು ಎಂಬುದೇ ಅಂದಿನ ಜಗಳವಾಗಿತ್ತು.

1940ಕ್ಕೆ ನಿಲ್ಲುವ ಕಾಲಮಿತಿ ಗ್ರಂಥಕ್ಕೆ ತುಸು ನಷ್ಟವನ್ನೇ ತಂದಿದೆ. ಅದೇ ಊರಿನ ಸ್ತ್ರೀಯರು ಫುನ್ಮಿಲಾಯೊ ರಾನ್ಸಮ್-ಕುಟಿ ಅವರ ನೇತೃತ್ವದಲ್ಲಿ ತೆರಿಗೆಯ ವಿರುದ್ಧ ಎದ್ದು, 1949ರಲ್ಲಿ ಅದೇ ಆಲಾಕೆ ಗದ್ದುಗೆ ಬಿಡುವಂತೆ ಮಾಡಿದರು. ಇದಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ: ಲೆಕ್ಕಪತ್ರಕ್ಕೆ ದೊರೆತ ನಿಗಾ ಚಿತ್ತಾರಕ್ಕೆ ದೊರೆತಿಲ್ಲ. ‘ಇಬಾದಾನ್ ಸೊಗಸು’ ಎಂಬರ್ಥದ ‘ಇಬಾದಾಂದುನ್’ ವಿನ್ಯಾಸದಲ್ಲಿ, ವಸಾಹತು ಆಡಳಿತದ ಕಾಲದಲ್ಲೆದ್ದ ಮಾಪೊ ಪುರಭವನದ ಕಂಬಗಳ ನಡುವೆ ಸ್ತ್ರೀಯರು ಅಡುಗೆಮನೆಯ ಚಮಚಗಳನ್ನು ಬರೆದು ನಿಲ್ಲಿಸಿದ್ದಾರೆ.