ಎರಡು ನುಡಿಗಳ ನಡುವಣ ಪಾದ್ರಿ: ಆರ್. ಎಸ್. ಥಾಮಸರ ಕಾವ್ಯ ಮತ್ತು ವೇಲ್ಸಿನ ಪ್ಯಾರಿಷ್ ಜೀವನ

ಆರ್. ಎಸ್. ಥಾಮಸರ (1913-2000) ಕಾವ್ಯವನ್ನು ಕುರಿತು ಬರೆದವರು ಸಾಮಾನ್ಯವಾಗಿ ಅದರಲ್ಲಿ ಎರಡು ಘಟ್ಟಗಳನ್ನು ಗುರುತಿಸುತ್ತಾರೆ. ಮೊದಲನೆಯದರ ವಸ್ತು ವೇಲ್ಸಿನ ಬೆಟ್ಟದ ರೈತ. ಎರಡನೆಯದರ ವಸ್ತು, ವಿಶೇಷವಾಗಿ 1972ರ 'ಹ್ಮ್' ಸಂಕಲನದಿಂದ ಮುಂದೆ, ಮೌನಿಯಾದ ದೇವರು. ಈ ವಿಭಾಗ ಅಭ್ಯಾಸಕ್ಕೆ ಅನುಕೂಲವಾದುದೇ. ಆದರೆ ಎರಡನ್ನೂ ಬೆಸೆಯುವ ಸಂಗತಿಯೊಂದು ಇದರಿಂದ ಮರೆಯಾಗುತ್ತದೆ. ಥಾಮಸರು ನಲವತ್ತು ವರ್ಷಗಳಿಗೂ ಮಿಕ್ಕಿ ವೇಲ್ಸಿನಲ್ಲಿ ಆಂಗ್ಲಿಕನ್ ಪಾದ್ರಿಗಳಾಗಿದ್ದರು. ಒಂದು ಚರ್ಚಿಗೂ ಅದರ ಪಾದ್ರಿಗೂ ಸೇರಿದ ಊರುಕೇರಿಗಳ ಸಮುದಾಯಕ್ಕೆ ಪ್ಯಾರಿಷ್ ಎಂದು ಹೆಸರು. ಅಂಥ ಸಮುದಾಯದಲ್ಲಿ ವೆಲ್ಷ್ ಮತ್ತು ಇಂಗ್ಲಿಷ್ ಎರಡೂ ಇರುವಾಗ ಪಾದ್ರಿಗೆ ಒದಗುವ ಇಕ್ಕಟ್ಟೇ ಅವರ ಕಾವ್ಯದ ಮೌನಕ್ಕೆ ಮೂಲವೆಂಬುದು ನಮ್ಮ ಅಭಿಪ್ರಾಯ.

ಈ ಇಕ್ಕಟ್ಟಿನ ಇತಿಹಾಸ ದೀರ್ಘವಾದುದು. 1563ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಬೈಬಲನ್ನೂ ಪ್ರಾರ್ಥನಾ ಪುಸ್ತಕವನ್ನೂ ವೆಲ್ಷಿಗೆ ಅನುವಾದಿಸಬೇಕೆಂದು ಶಾಸನ ಮಾಡಿತು. ಅದೇ ಶಾಸನವು ಪ್ರತಿ ಚರ್ಚಿನಲ್ಲಿಯೂ ವೆಲ್ಷ್ ಪ್ರತಿಯ ಪಕ್ಕದಲ್ಲಿ ಇಂಗ್ಲಿಷ್ ಪ್ರತಿಯನ್ನು ಇರಿಸಬೇಕೆಂದೂ, ಎರಡನ್ನೂ ಹೋಲಿಸಿ ನೋಡಿ ಜನರು ಇಂಗ್ಲಿಷನ್ನು ಕಲಿಯಲೆಂದೂ ವಿಧಿಸಿತು. ಫಲ ಮಾತ್ರ ಬೇರೆಯಾಯಿತು. 1567ರ ಪ್ರಾರ್ಥನಾ ಪುಸ್ತಕ ಮತ್ತು ಹೊಸ ಒಡಂಬಡಿಕೆ, 1588ರ ವಿಲಿಯಂ ಮಾರ್ಗನ್ನರ ಸಂಪೂರ್ಣ ಬೈಬಲು, ಇವು ವೆಲ್ಷಿಗೆ ಗ್ರಂಥಭಾಷೆಯ ಗೌರವವನ್ನು ತಂದುಕೊಟ್ಟು ಅದನ್ನು ಉಳಿಸಿದವು. ಪುಸ್ತಕವೇನೋ ಉಳಿಯಿತು, ಅದನ್ನು ಓದಬಲ್ಲ ಪಾದ್ರಿ ಎಲ್ಲೆಡೆಯೂ ದೊರೆಯಲಿಲ್ಲ. 1766ರಲ್ಲಿ ಆಂಗ್ಲೆಸಿ ದ್ವೀಪದ ಪ್ಯಾರಿಷ್ ಒಂದಕ್ಕೆ ವೆಲ್ಷ್ ಬಾರದ ವೃದ್ಧ ಪಾದ್ರಿ ಥಾಮಸ್ ಬೌಲ್ಸ್ ನೇಮಕಗೊಂಡರು. ಜನರು ಚರ್ಚಿನ ನ್ಯಾಯಾಲಯದ ಮೊರೆಹೊಕ್ಕರು. 1773ರಲ್ಲಿ ಹೊರಬಿದ್ದ ತೀರ್ಪು, ಪಾದ್ರಿಗೆ ಜನರ ನುಡಿ ತಿಳಿದಿರಬೇಕೆಂಬ ತತ್ತ್ವವನ್ನು ಒಪ್ಪಿತು. ಆದರೆ ಒಮ್ಮೆ ಅಧಿಕಾರ ವಹಿಸಿಕೊಂಡವರನ್ನು ತೆಗೆಯಲಾಗದೆಂದಿತು.

ಇಪ್ಪತ್ತನೆಯ ಶತಮಾನದಲ್ಲಿ ಈ ಕಷ್ಟ ಹೆಚ್ಚು ಸೂಕ್ಷ್ಮವಾಯಿತು. ವೆಲ್ಷ್ ಬಲ್ಲವರಿಗೆಲ್ಲ ಬಹುಮಟ್ಟಿಗೆ ಇಂಗ್ಲಿಷೂ ಬರುತ್ತದೆ. ಇಂಗ್ಲಿಷರಿಗೆ ವೆಲ್ಷ್ ಬಾರದು. ಆದುದರಿಂದ ಸಭೆಯಲ್ಲಿ ಹೊಸಬನೊಬ್ಬ ಬಂದು ಕುಳಿತರೂ ಉಳಿದವರು ಸೌಜನ್ಯದಿಂದ ಅವನ ನುಡಿಗೆ ತಿರುಗುತ್ತಾರೆ. ಇದರಲ್ಲಿ ಯಾರ ದ್ವೇಷವೂ ಇಲ್ಲ. ಆದರೂ ಪ್ರತಿ ಸಲವೂ ಬಿಟ್ಟುಕೊಡುವವರು ಒಂದೇ ಪಕ್ಷದವರು. ನಯವಂತಿಕೆಯಿಂದಲೇ ಒಂದು ನುಡಿ ಹಿಂದೆ ಸರಿಯುವ ಈ ಬಗೆ ಶಾಸನಕ್ಕಿಂತ ಬಲವಾದುದು.

ಥಾಮಸರ ಜೀವನ ಈ ಹಿನ್ನೆಲೆಯಲ್ಲಿ ಅರ್ಥಪೂರ್ಣವಾಗುತ್ತದೆ. ಕಾರ್ಡಿಫ್‌ನಲ್ಲಿ ಹುಟ್ಟಿ ಇಂಗ್ಲಿಷ್ ಮನೆಮಾತಿನಲ್ಲಿ ಬೆಳೆದ ಅವರು ವೆಲ್ಷನ್ನು ಕಲಿತದ್ದು ಪ್ರೌಢ ವಯಸ್ಸಿನಲ್ಲಿ. 1942ರಿಂದ 1954ರವರೆಗೆ ಅವರಿದ್ದ ಮಾನವಾನ್‌ನಲ್ಲಿ ವೆಲ್ಷ್ ಆಗಲೇ ಮರೆಯಾಗಿತ್ತು. ಅನಂತರ 1967ರವರೆಗೆ ಇದ್ದ ಎಗ್ಲೂಯಿಸ್ವಾಖ್‌ನಲ್ಲಿ ಊರವರ ಜೊತೆಗೆ ನಿವೃತ್ತರಾಗಿ ಬಂದು ನೆಲೆಸಿದ ಇಂಗ್ಲಿಷರೂ ಇದ್ದರು. ಕೊನೆಗೆ 1978ರವರೆಗೆ ಸೇವೆ ಸಲ್ಲಿಸಿದ ಅಬರ್‌ಡಾರನ್, ಕಡಲಂಚಿನ ವೆಲ್ಷ್ ಊರು. ನುಡಿಯನ್ನು ಅರಸಿಕೊಂಡು ಪಶ್ಚಿಮಕ್ಕೆ ಸಾಗಿದ ಯಾತ್ರೆಯಿದು.

1946ರ ಪ್ರಥಮ ಸಂಕಲನದಲ್ಲಿ ಕಾಣಿಸಿಕೊಳ್ಳುವ ಯಾಗೊ ಪ್ರಿದರ್ಖ್ ಎಂಬ ರೈತನ ಚಿತ್ರದಲ್ಲಿ ತಿರಸ್ಕಾರವಿದೆಯೆಂದು ಕೆಲವರು ಆಕ್ಷೇಪಿಸಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಆ ರೈತನು ಮಾತನಾಡದಿರುವುದು ಅವನ ಜಡತ್ವಕ್ಕಿಂತ ಹೆಚ್ಚಾಗಿ ನೋಡುವವನ ಅಸಹಾಯಕತೆಯನ್ನು ಹೇಳುತ್ತದೆ. ಕರೆಯಲು ತಕ್ಕ ಮಾತಿಲ್ಲದ ಪಾದ್ರಿ ಹೊಲದಂಚಿನಲ್ಲಿ ನಿಂತಿದ್ದಾನೆ. 1966ರ 'ಪಿಯೆತಾ' ಸಂಕಲನದಲ್ಲಿ ಜನರೆಲ್ಲ ಹೊರಟುಹೋದ ಮೇಲೆ ಬರಿದಾದ ಚರ್ಚಿನಲ್ಲಿ ಒಬ್ಬನೇ ಮೌನವನ್ನು ಆಲಿಸುವವನೂ ಆ ಪಾದ್ರಿಯೇ. ದೇವರ ಮೌನವನ್ನು ಸಹಿಸುವ ಅಭ್ಯಾಸ ಅವನಿಗೆ ಪ್ಯಾರಿಷ್ಷಿನಲ್ಲಿಯೇ ಆಗಿತ್ತು.

ಆದರೆ ಈ ಕಾವ್ಯಕ್ಕೆ ಒಂದು ಮಿತಿಯೂ ಉಂಟು. ತಡವಾಗಿ ಕಲಿತ ನುಡಿಯಲ್ಲಿ ಕವಿತೆ ಬರೆಯಲಾಗದೆಂದು ನಂಬಿ ಥಾಮಸರು ಕವಿತೆಯನ್ನು ಇಂಗ್ಲಿಷಿಗೇ ಮೀಸಲಿಟ್ಟರು. ಇದು ಕಪಟವೆಂದು ನಾವು ಹೇಳಲಾರೆವು. ಪ್ರಾಮಾಣಿಕತೆಯೇ ಅವರನ್ನು ತಡೆಯಿತು. ಆದರೂ ಅಬರ್‌ಡಾರನ್ನಿನ ಜನ ಅವರ ಪ್ರವಚನವನ್ನು ಕೇಳಿದ್ದು ಒಂದು ನುಡಿಯಲ್ಲಿ, ಲೋಕ ಅವರ ಕವಿತೆಯನ್ನು ಓದಿದ್ದು ಇನ್ನೊಂದರಲ್ಲಿ. ಎರಡು ನುಡಿಗಳಲ್ಲಿಯೂ ಸಲೀಸಾಗಿ ನಗುವ, ಜಗಳವಾಡುವ, ಹರಕೆ ಹೊರುವ ಸಾಮಾನ್ಯ ಜನರು ಈ ಕವಿತೆಗಳಲ್ಲಿ ವಿರಳ. ನುಡಿಯ ಅಳಿವನ್ನು ಅವರು ಕಂಡಷ್ಟು ತೀವ್ರವಾಗಿ ಅದರ ದಿನನಿತ್ಯದ ಬಾಳ್ವೆಯನ್ನು ಕಾಣಿಸಲಿಲ್ಲ. ಗೋಳಿನ ಘನತೆಗಾಗಿ ಅವರು ತೆತ್ತ ಬೆಲೆ ಇದು.

1985ರಲ್ಲಿ ಅವರು 'ನೆಬ್' ಎಂಬ ಆತ್ಮಕಥೆಯನ್ನು ವೆಲ್ಷಿನಲ್ಲಿಯೇ ಬರೆದರು. ಹೆಸರಿನ ಅರ್ಥ 'ಯಾರೂ ಅಲ್ಲ'. ನಿರೂಪಣೆ ಪ್ರಥಮ ಪುರುಷದಲ್ಲಿದೆ, 'ನಾನು' ಎಂಬ ಮಾತಿಗೆ ಬದಲಾಗಿ 'ಅವನು' ಎಂದಿದೆ. ಕಷ್ಟಪಟ್ಟು ಗಳಿಸಿದ ನುಡಿಯಲ್ಲಿಯೂ ತನ್ನನ್ನು ತಾನೇ ದೂರ ನಿಂತು ನೋಡಿದ ಕವಿಯನ್ನು ಇಲ್ಲಿ ಕಾಣುತ್ತೇವೆ. ಅದರ ಇಂಗ್ಲಿಷ್ ಅನುವಾದ 1997ರಲ್ಲಿ ಬಂದಿದೆ. ಥಾಮಸರನ್ನು ಕೇವಲ ಇಂಗ್ಲಿಷ್ ಕವಿಯೆಂದು ಓದುವ ವಿದ್ಯಾರ್ಥಿಗಳು ಆ ಗದ್ಯವನ್ನು ಕವಿತೆಗಳ ಪಕ್ಕದಲ್ಲಿರಿಸಿ ಹೋಲಿಸಿ ನೋಡುವುದು ಒಳ್ಳೆಯದು. 1563ರ ಶಾಸನಕಾರರು ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿ ಇರಿಸಿದ್ದು ಒಂದನ್ನು ಮರೆಸಲೆಂದು. ನಮ್ಮ ಹೋಲಿಕೆಯ ಉದ್ದೇಶ, ಮರೆಯಾದುದನ್ನು ಮತ್ತೆ ಕಾಣುವುದು.