ಅಮೃತಮತಿಗೆ ಉಪದೇಶಿಸಿದವರಾರು?

ಜನ್ನ ಕವಿಯು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯು ನಮ್ಮಲ್ಲಿ ಎರಡು ಬಗೆಯಾಗಿ ಬಾಳುತ್ತಿದೆ. ಬಸದಿಯ ಪ್ರವಚನದಲ್ಲಿ ಅದು ಸಂಕಲ್ಪಹಿಂಸೆಯ ಕಥೆ. ಮನೆಯ ಜಗಲಿಯ ಮಾತಿನಲ್ಲಿ ಹೆಣ್ಣಿನ ಚಂಚಲ ಸ್ವಭಾವಕ್ಕೆ ದೃಷ್ಟಾಂತ. ಈ ಎರಡನೆಯ ಓದು ಕಾವ್ಯಕ್ಕಿಂತ ನಮ್ಮ ರೂಢಿಗೇ ಹೆಚ್ಚು ಋಣಿಯಾಗಿದೆ.

ರಾಣಿಯು ಇರುಳಲ್ಲಿ ಮಾವುತ ಅಷ್ಟಾವಂಕನೆಡೆಗೆ ಹೋದುದನ್ನು ಯಶೋಧರನು ಕಣ್ಣಾರೆ ಕಂಡನು. ಎತ್ತಿದ ಖಡ್ಗವನ್ನು ತಡೆದುಕೊಂಡನು. ಅಲ್ಲಿಯವರೆಗೆ ಅವನು ಧೀರನೇ. ಮರುದಿನ ತಾಯಿ ಚಂದ್ರಮತಿಗೆ ನಿಜವನ್ನು ಹೇಳದೆ ಕನಸಿನ ನೆವ ಹೂಡಿದನು. ಆ ಸುಳ್ಳಿನಿಂದ ಬಲಿಯ ಮಾತು ಹುಟ್ಟಿತು, ಹಿಟ್ಟಿನ ಕೋಳಿ ಬಂದಿತು, ತಾಯಿ ಮಗ ಇಬ್ಬರಿಗೂ ಭವಭವಗಳ ತಿರ್ಯಂಚ ಜನ್ಮ ಬಂದಿತು. ಹಾದರವನ್ನು ಕವಿಯು ಮನ್ನಿಸಿಲ್ಲ, ನಿಜ. ಗಂಡನಿಗೂ ಅತ್ತೆಗೂ ವಿಷವಿಕ್ಕಿದ ಅಮೃತಮತಿಯನ್ನು ನಿರ್ದೋಷಿಯೆನ್ನಲು ನಾನು ಲೇಖನಿ ಹಿಡಿದಿಲ್ಲ. ಆದರೆ ಕಾವ್ಯದ ತೂಕವೆಲ್ಲ ಅರಸನ ಸಂಕಲ್ಪದ ಮೇಲೆ ಬಿದ್ದಿರುವಾಗ ಕೇಳುಗರ ನೆನಪು ರಾಣಿಯ ಮೇಲೆಯೇ ನಿಲ್ಲುವುದೇಕೆ?

ತಡವಾಗಿ ಬಂದಳೆಂದು ಮಾವುತನು ಅವಳನ್ನು ಹೊಡೆಯುವ ಪ್ರಸಂಗವನ್ನೇ ನೋಡಿ. ಹೊಡೆಸಿಕೊಂಡವಳ ನಾಚಿಕೆಗೇಡಿತನವನ್ನು ಎಲ್ಲರೂ ಎತ್ತಿ ಆಡುತ್ತಾರೆ. ಹೊಡೆದವನ ಕೈಯನ್ನು ಕುರಿತು ಒಂದು ಮಾತಿಲ್ಲ. ಗಂಡಸಿನ ಸಿಟ್ಟನ್ನು ಮಳೆ ಬಿಸಿಲಿನಂತೆ ಸಹಜವೆಂದು ಎಣಿಸಿರುವ ಸಮಾಜಕ್ಕೆ ಅಲ್ಲಿ ಹೇಳತಕ್ಕದ್ದೇನೂ ಕಾಣುವುದಿಲ್ಲ.

ಕವಿಯನ್ನೂ ಒಂದು ಪ್ರಶ್ನೆ ಕೇಳಬೇಕಾಗಿದೆ. ಚಂಡಮಾರಿಗೆ ನರಬಲಿ ಕೊಡಲು ನಿಂತ ಮಾರಿದತ್ತನಿಗೆ ಅಭಯರುಚಿಯ ಕಥೆ ಕೇಳುವ ಭಾಗ್ಯವುಂಟು. ಬೇಟೆಯ ಮೋಹದ ಯಶೋಮತಿಗೆ ಸುದತ್ತಾಚಾರ್ಯರ ದರ್ಶನವುಂಟು. ಇಬ್ಬರೂ ದೀಕ್ಷೆ ಪಡೆದರು. ಅವರ ಕ್ರೌರ್ಯವು ಅಜ್ಞಾನವೆನಿಸಿತು, ಅಜ್ಞಾನಕ್ಕೆ ಮದ್ದು ದೊರೆಯಿತು. ಅಮೃತಮತಿಯ ಪಾಪ ಮಾತ್ರ ಅವಳ ಸ್ವಭಾವವೆನಿಸಿತು. ಅವಳ ಬಾಗಿಲಿಗೆ ಯಾವ ಮುನಿಯೂ ಬರಲಿಲ್ಲ, ನರಕವೇ ಗತಿಯಾಯಿತು. ಕ್ರೋಧ ಮಾನ ಮಾಯೆ ಲೋಭಗಳು ಗಂಡು ಹೆಣ್ಣೆಂಬ ಭೇದವಿಲ್ಲದೆ ಬಂಧಕಾರಣಗಳೆಂದು ನಂಬುವ ನಮಗೆ ಈ ತಾರತಮ್ಯವು ಚುಚ್ಚಬೇಕಲ್ಲವೆ? ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ದಲ್ಲಿ (1980) ರಾಣಿಗೆ ತನ್ನ ಪಕ್ಷವನ್ನು ತಾನೇ ಆಡುವ ಅವಕಾಶ ದೊರೆಯಿತು. ಅದಕ್ಕೆ ರಂಗಭೂಮಿಯವರೆಗೆ ಕಾಯಬೇಕಾಯಿತು.

ಜನ್ನನಲ್ಲಿಯೇ ಬೇರೊಂದು ದಾರಿಯ ಸುಳಿವಿದೆ. ಬಲಿಗಾಗಿ ಮಗನನ್ನು ಒತ್ತಾಯಿಸಿದ ಚಂದ್ರಮತಿಯ ಜೀವವೇ ಕಡೆಗೆ ಅಭಯಮತಿಯಾಗಿ ಜನಿಸಿ, ಅಣ್ಣನ ಜೊತೆಯಲ್ಲಿ ಬಲಿಗಂಬದೆದುರು ಅಳುಕದೆ ನಿಲ್ಲುತ್ತದೆ. ಅಮೃತಮತಿಯ ಹೆಸರು ನಮ್ಮ ಪಾಠಶಾಲೆಯ ಮಕ್ಕಳೆಲ್ಲರಿಗೂ ಗೊತ್ತು. ಅಭಯಮತಿ ಯಾರೆಂದು ಕೇಳಿದರೆ ಎಷ್ಟು ಕೈಗಳು ಮೇಲೆದ್ದಾವು?