ಋಣದ ಪಟ್ಟಿ: ಉಲ್ಲೇಖಕ್ರಮಗಳನ್ನು ಕುರಿತು ಒಂದು ವಿಮರ್ಶೆ

ಜೋಯಿಡಾ ತಾಲ್ಲೂಕಿನ ಪಶ್ಚಿಮದ ಅಂಚಿನಲ್ಲಿ, ಗೋವೆಯ ಗಡಿಗೆ ತಾಗಿದಂತೆ, ಕ್ಯಾಸಲ್‌ರಾಕ್ ಎಂಬ ಸಣ್ಣ ಊರಿದೆ. 1961ರಲ್ಲಿ ಗೋವೆಯಲ್ಲಿ ಪೋರ್ಚುಗೀಸರ ಆಳ್ವಿಕೆ ಕೊನೆಗೊಳ್ಳುವವರೆಗೂ ಅಲ್ಲಿಯದು ಗಡಿಯ ರೈಲುನಿಲ್ದಾಣ. ಹಾದುಹೋಗುವ ಸರಕು ಯಾರದು, ಎಲ್ಲಿಂದ ಬಂದದ್ದು ಎಂದು ಕೇಳುವ ಸುಂಕದವರು ಅಲ್ಲಿರುತ್ತಿದ್ದರು. ವಿದ್ವತ್ತಿನ ಲೇಖನಕ್ಕೂ ಇಂಥದೇ ಒಂದು ಗಡಿಯುಂಟು. ಅಲ್ಲಿ ಕೇಳುವ ಪ್ರಶ್ನೆಗಳಿಗೆ ಲೇಖಕನು ಕೊಡುವ ಉತ್ತರವೇ ಉಲ್ಲೇಖ ಮತ್ತು ಗ್ರಂಥಸೂಚಿ.

2005ರಲ್ಲಿ ಈ ಊರಿನ ಹೆಸರು ವಿಜ್ಞಾನದ ಲೇಖನವೊಂದರ ಶೀರ್ಷಿಕೆಯಲ್ಲಿ ಕಾಣಿಸಿಕೊಂಡಿತು. ಇಂದ್ರನೀಲ ದಾಸ್ ಮತ್ತು ಕೃಷ್ಣಮೇಘ ಕುಂಟೆ ಎಂಬ ವಿಜ್ಞಾನಿಗಳು ಕ್ಯಾಸಲ್‌ರಾಕಿನ ಕಪ್ಪೆಯೊಂದನ್ನು ಹೊಸ ಪ್ರಭೇದವೆಂದು ‘ಜರ್ನಲ್ ಆಫ್ ಹರ್ಪಿಟಾಲಜಿ’ಯಲ್ಲಿ ವಿವರಿಸಿ ‘ನಿಕ್ಟಿಬ್ಯಾಟ್ರಕಸ್ ಪೆಟ್ರಿಯಸ್’ ಎಂದು ಹೆಸರಿಟ್ಟರು. ಎರಡನೆಯ ಪದದ ಮೂಲ ‘ಪೆಟ್ರ’ ಎಂಬ ಗ್ರೀಕ್ ಶಬ್ದ. ಮತ್ತಾಯನ ಸುವಾರ್ತೆಯ ಹದಿನಾರನೆಯ ಅಧ್ಯಾಯವನ್ನು ಗ್ರೀಕಿನಲ್ಲಿ ಓದಿದ ನಮ್ಮ ವಿದ್ಯಾರ್ಥಿಗಳಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹೆಸರಿನ ಬಳಿಕ ‘ದಾಸ್ ಮತ್ತು ಕುಂಟೆ, 2005’ ಎಂದು ಬರೆಯುವುದು ಪ್ರಾಣಿಶಾಸ್ತ್ರದ ಪದ್ಧತಿ. ಮುಂದೆಂದಾದರೂ ಈ ಕಪ್ಪೆಯನ್ನು ಬೇರೊಂದು ಕುಲಕ್ಕೆ ಸೇರಿಸಿದರೆ ಅವರ ಹೆಸರು ಆವರಣಚಿಹ್ನೆಯೊಳಗೆ ಹೋಗುತ್ತದೆ, ಅಳಿದುಹೋಗುವುದಿಲ್ಲ. ತಿದ್ದುವವನು ಮೊದಲು ಕಂಡವನನ್ನು ಮರೆಯಲಾಗದಂತೆ ಒಂದು ಜೋಡಿ ಕಂಸವೇ ಕಾವಲು ನಿಲ್ಲುತ್ತದೆ.

ಹೀಗೆ ನೋಡಿದರೆ ಪ್ರತಿಯೊಂದು ಉಲ್ಲೇಖಕ್ರಮವೂ ತಾನು ಯಾವುದನ್ನು ಮುಖ್ಯವೆಂದು ಎಣಿಸುತ್ತದೆ ಎಂಬುದನ್ನು ತನ್ನ ರೂಪದಲ್ಲಿಯೇ ಹೇಳುತ್ತದೆ. 1978ರಲ್ಲಿ ವ್ಯಾಂಕೂವರ್ ನಗರದಲ್ಲಿ ಕೂಡಿದ ವೈದ್ಯಕೀಯ ಪತ್ರಿಕೆಗಳ ಸಂಪಾದಕರಿಂದ ಹೆಸರು ಪಡೆದ ಕ್ರಮವು ಆಕರಗಳಿಗೆ ಅಂಕಿ ಕೊಟ್ಟು ವಾಕ್ಯವನ್ನು ಹಗುರಗೊಳಿಸುತ್ತದೆ. ಲೇಖಕ–ವರ್ಷದ ಕ್ರಮವು ಯಾರು, ಯಾವಾಗ ಹೇಳಿದರು ಎಂಬುದನ್ನು ವಾಕ್ಯದೊಳಗೇ ತೋರಿಸುತ್ತದೆ. ಸತ್ಯವೇದದ ಅಧ್ಯಯನಕ್ಕೆ ಒಗ್ಗಿದ ಅಡಿಟಿಪ್ಪಣಿಯ ಕ್ರಮವು ಆಕರದೊಡನೆ ವಾದಿಸಲು ಪುಟದ ಕೆಳಗೆ ಎಡೆ ಮಾಡಿಕೊಡುತ್ತದೆ. ಇವುಗಳಲ್ಲಿ ಯಾವುದನ್ನು ಆರಿಸಬೇಕೆಂಬುದನ್ನು ಪತ್ರಿಕೆ ನಿರ್ಧರಿಸಲಿ. ನಮ್ಮ ಆಕ್ಷೇಪವಿರುವುದು ಈ ಕ್ರಮಗಳನ್ನು ನಾವು ಬಳಸುತ್ತಿರುವ ರೀತಿಯಲ್ಲಿ. ಅದು ಎರಡು ಬಗೆಯದು.

ಮೊದಲನೆಯದು, ರೂಪವು ಶುದ್ಧವಾಗಿದ್ದು ಸಾಕ್ಷಿ ಸುಳ್ಳಾಗಿರುವುದು. ಜೊಟೆರೊ, ಮೆಂಡಲಿ ಮೊದಲಾದ ತಂತ್ರಾಂಶಗಳು ಬಂದ ಮೇಲೆ ಅಲ್ಪವಿರಾಮವೂ ಓರೆ ಅಕ್ಷರವೂ ತಾವಾಗಿಯೇ ಸರಿಯಾದ ಜಾಗದಲ್ಲಿ ಕೂರುತ್ತವೆ. ಆದರೆ ಒಂದೇ ಪುಸ್ತಕವನ್ನು ಓದಿ, ಅದರ ಅಡಿಟಿಪ್ಪಣಿಯಲ್ಲಿದ್ದ ಹತ್ತು ಪುಸ್ತಕಗಳನ್ನು ತಾನೇ ಓದಿದಂತೆ ಪಟ್ಟಿಮಾಡುವ ಬರಹಗಾರನನ್ನು ಯಾವ ತಂತ್ರಾಂಶವೂ ತಡೆಯದು. ‘ಇಂಥವರ ಗ್ರಂಥದಲ್ಲಿ ಉದ್ಧೃತ’ ಎಂಬ ಎರಡು ಮಾತು ಬರೆದಿದ್ದರೆ ಮುಗಿಯುತ್ತಿತ್ತು. ಆ ಎರಡು ಮಾತಿಗೆ ನಾವು ನಾಚುತ್ತೇವೆ. ಈಗಂತೂ ಚಾಟ್‌ಜಿಪಿಟಿಯಂತಹ ಯಂತ್ರಗಳು ಎಂದೂ ಅಚ್ಚಾಗದ ಪುಸ್ತಕಕ್ಕೆ ಲೇಖಕ, ಪ್ರಕಾಶಕ, ವರ್ಷ, ಪುಟಗಳನ್ನು ಹೊಂದಿಸಿ ಕೊಡಬಲ್ಲವು. ಅಂಥ ನಮೂದು ಕ್ರಮದ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ; ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯ ಮುಂದೆ ನಿಲ್ಲಲಾರದು.

ಇದಕ್ಕೆ ಎದುರಾಗಿ ಸತ್ಯವೇದವನ್ನೇ ಮುಂದೊಡ್ಡುವವರಿದ್ದಾರೆ. ಮಾರ್ಕನು ಯೆಶಾಯನ ಹೆಸರಿನಲ್ಲಿ ಮಲಾಕಿಯನ ಮಾತನ್ನೂ ಬೆರೆಸುತ್ತಾನೆ (1:2–3). ಮತ್ತಾಯನು ಯೆರೆಮೀಯನದೆಂದು ಹೇಳುವ ಮಾತು ಜೆಕರ್ಯನ ಮಾತಿಗೆ ಹೆಚ್ಚು ಹತ್ತಿರವಾಗಿದೆ (27:9). ಇಬ್ರಿಯರಿಗೆ ಬರೆದ ಪತ್ರಿಕೆಯ ಕರ್ತನಂತೂ ಎಲ್ಲಿಯೋ ಒಬ್ಬನು ಸಾಕ್ಷಿ ಹೇಳಿದ್ದಾನೆಂದಷ್ಟೇ ಸೂಚಿಸಿ ಮುಂದೆ ಹೋಗುತ್ತಾನೆ (2:6). ಹಾಗಿರುವಾಗ ನಮಗೇಕೆ ಈ ಕಟ್ಟುನಿಟ್ಟು ಎಂಬುದು ಅವರ ವಾದ. ಆ ಬರಹಗಾರರು ತಮಗೂ ಕೇಳುಗರಿಗೂ ಪರಿಚಿತವಾಗಿದ್ದ ಶಾಸ್ತ್ರವನ್ನು ನೆನಪಿಗೆ ತರುತ್ತಿದ್ದರು. ಮತ್ತೊಬ್ಬರ ಮಾತನ್ನು ತಮ್ಮದೆನ್ನಲಿಲ್ಲ. ವಚನಗಳಿಗೆ ಇಂದಿನ ಅಂಕಿಗಳು ಬಂದದ್ದು 1551ರಲ್ಲಿ, ರೋಬೆರ್ ಎಸ್ಟಿಯೆನ್ ಅಚ್ಚುಮಾಡಿದ ಗ್ರೀಕ್ ಹೊಸ ಒಡಂಬಡಿಕೆಯಲ್ಲಿ. ಅಂಕಿ ಈಚಿನದು, ಮೂಲವನ್ನು ಒಪ್ಪಿಕೊಳ್ಳುವ ಕರ್ತವ್ಯ ಅದಕ್ಕಿಂತ ಹಳೆಯದು.

ಎರಡನೆಯ ಆಕ್ಷೇಪ ಹೆಚ್ಚು ನೋವಿನದು. ನಮ್ಮ ವಿದ್ಯಾರ್ಥಿಯೊಬ್ಬನು ಹಳಿಯಾಳದ ಕಡೆಯ ಕ್ರೈಸ್ತ ಸಿದ್ದಿಗಳ ಭಕ್ತಿಜೀವನವನ್ನು ಕುರಿತು ಬರೆಯಲು ಹೋದನೆಂದಿಟ್ಟುಕೊಳ್ಳೋಣ. ಒಬ್ಬ ಮುದುಕಿ ಮೂರು ಸಂಜೆ ಕೂತು, ತನ್ನ ಕೊಂಕಣಿಯಲ್ಲಿ, ಹಾಡುಗಳನ್ನೂ ಅವುಗಳ ಹಿನ್ನೆಲೆಯನ್ನೂ ಅವನಿಗೆ ಹೇಳಿಕೊಡುತ್ತಾಳೆ. ಪ್ರಬಂಧದ ಜೀವವೇ ಅದು. ಆದರೆ ಅಮೆರಿಕದ ಮನಶ್ಶಾಸ್ತ್ರ ಸಂಘದ, ಎಪಿಎ ಎಂದು ಹೆಸರಾದ ಕ್ರಮದಲ್ಲಿ ಇಂಥ ಮಾತುಕತೆ ‘ವೈಯಕ್ತಿಕ ಸಂವಹನ’. ವಾಕ್ಯದೊಳಗೆ ಅದನ್ನು ಸೂಚಿಸಬಹುದು, ಕೊನೆಯ ಪಟ್ಟಿಗೆ ಸೇರಿಸುವಂತಿಲ್ಲ. ಓದುಗನು ತಾನೇ ಹುಡುಕಿ ತೆಗೆಯಬಲ್ಲ ಆಕರಗಳಿಗಷ್ಟೇ ಪಟ್ಟಿ ಮೀಸಲು ಎಂಬುದು ಅದರ ಕಾರಣ. ಕಾರಣ ನ್ಯಾಯವಾದುದೇ. ಫಲ ಮಾತ್ರ ವಿಚಿತ್ರ: ಸಿದ್ದಿಗಳನ್ನು ದೂರದಿಂದ ಕುರಿತು ಬರೆದವರೆಲ್ಲ ಅಕಾರಾದಿಯಾಗಿ ಪಟ್ಟಿಯಲ್ಲಿ ನಿಲ್ಲುತ್ತಾರೆ, ಹೇಳಿಕೊಟ್ಟವಳು ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರವನ್ನು ನಾವು ಹೊರಗೆ ಹುಡುಕಬೇಕಾಗಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಹೊರತಂದ ಫರ್ಡಿನೆಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ತೆರೆದರೆ ಪದಗಳ ಬಳಿಯಲ್ಲಿ ಪುಟ್ಟ ಸಂಕ್ಷೇಪಾಕ್ಷರಗಳು ಕಾಣುತ್ತವೆ. ಕೇಶಿರಾಜನ ಶಬ್ದಮಣಿದರ್ಪಣಕ್ಕೆ ಒಂದು ಸಂಕ್ಷೇಪ, ಬಸವಪುರಾಣಕ್ಕೆ ಇನ್ನೊಂದು. ಅವುಗಳಂತೆಯೇ, ಅವುಗಳಷ್ಟೇ ಗಾತ್ರದಲ್ಲಿ, ಮೈಸೂರು ಸೀಮೆಯ ಬಳಕೆಗೊಂದು, ದಕ್ಷಿಣ ಮರಾಠಾ ಪ್ರಾಂತದ ಬಳಕೆಗೊಂದು. ಗಾದೆಗೂ ಅಲ್ಲಿ ಪ್ರಮಾಣದ ಸ್ಥಾನವಿದೆ. ಜನರ ಬಾಯಿಯ ಮಾತನ್ನು ಕಿಟೆಲರು ಕವಿಯ ಮಾತಿನ ಸಾಲಿನಲ್ಲೇ ಕೂರಿಸಿದರು. ಆಡಿದವರ ಹೆಸರು ಅಲ್ಲಿಲ್ಲ, ಸೀಮೆಯ ಹೆಸರು ಮಾತ್ರವಿದೆ ಎಂಬುದು ಆ ಕ್ರಮದ ಕೊರತೆ; ಅದನ್ನು ತುಂಬಿಕೊಡುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಪತ್ರಿಕೆ ಕೇಳಿದ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿರಿ. ಕೈಯಲ್ಲಿ ಹಿಡಿದು ನೋಡದ ಪುಸ್ತಕವನ್ನು ನೋಡಿದಂತೆ ಬರೆಯಬೇಡಿರಿ. ಕಳುಹಿಸುವ ಮುನ್ನ ಪಟ್ಟಿಯ ಒಂದೊಂದು ಸಾಲನ್ನೂ ಮೂಲದೊಡನೆ ಒತ್ತಿಟ್ಟು ನೋಡಿರಿ. ಬಾಯಿಮಾತಿನ ಆಕರಗಳಿಗೆ ಗ್ರಂಥಸೂಚಿಯ ಮೊದಲು ‘ಹೇಳಿಕೊಟ್ಟವರು’ ಎಂಬ ಬೇರೊಂದು ಪಟ್ಟಿ ಇರಲಿ: ಹೆಸರು, ಊರು, ಭಾಷೆ, ಮಾತಾಡಿದ ದಿನ. ಹೆಸರು ಹಾಕಲು ಅವರ ಒಪ್ಪಿಗೆಯನ್ನು ಮೊದಲೇ ಕೇಳಿರಿ. ಬೇಡವೆಂದರೆ ಊರನ್ನಷ್ಟೇ ಬರೆಯಿರಿ. ಹೊರಗಿನ ಪತ್ರಿಕೆ ಆ ಪಟ್ಟಿಯನ್ನು ಒಪ್ಪದಿದ್ದರೆ ಅದನ್ನು ಕೃತಜ್ಞತೆಯ ಭಾಗದಲ್ಲಾದರೂ ಇರಿಸಿರಿ, ಕೈಬಿಡಬೇಡಿರಿ.

ಇದು ಹೊಸ ಪದ್ಧತಿಯೂ ಅಲ್ಲ. ಲೂಕನು ತನ್ನ ಸುವಾರ್ತೆಯ ಮೊದಲ ವಾಕ್ಯದಲ್ಲಿಯೇ ತನಗಿಂತ ಮುಂಚೆ ಬರೆದವರನ್ನೂ ಕಣ್ಣಾರೆ ಕಂಡು ತಿಳಿಸಿದವರನ್ನೂ ಒಟ್ಟಿಗೆ ನೆನೆದನು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಅವನ ನಂಬಿಕೆ ಮೊದಲು ಯಾರಲ್ಲಿತ್ತೆಂಬುದನ್ನು ಹೇಳುವಾಗ, ಅಜ್ಜಿ ಲೋವಿಯ ಹೆಸರೂ ತಾಯಿ ಯೂನಿಕೆಯ ಹೆಸರೂ ಬಂದಿವೆ (1:5). ಅವರು ಯಾವ ಗ್ರಂಥವನ್ನೂ ಬರೆದವರಲ್ಲ. ಆದರೂ ಸಭೆಯು ಇಂದಿಗೂ ಆ ಎರಡು ಹೆಸರುಗಳನ್ನು ಓದುತ್ತಿದೆ.